ಕರಾವಳಿ ಮತ್ತು ಘಟ್ಟದ ಕೆಲಸಕ್ಕೆ ಬೊಲೆರೊ ಪಿಕಪ್: ಎಂಜಿನ್ ಎಲ್ಲಿ ಗಟ್ಟಿ, ಎಲ್ಲಿ ಕಾಳಜಿ ಬೇಕು

ಕಾರವಾರದ ಬೈತಖೋಲ್ ಬಂದರಿನಿಂದ ಬಂಗಡೆ ಟ್ರೇ ಹೇರಿಕೊಂಡು ಹುಬ್ಬಳ್ಳಿ ಕಡೆ ಹೊರಡುವುದಿರಲಿ, ಶಿರಸಿಯಿಂದ ಅಡಿಕೆ ಚೀಲ ತುಂಬಿಕೊಂಡು ದೇವಿಮನೆ ಘಟ್ಟ ಇಳಿಯುವುದಿರಲಿ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಹೆಚ್ಚಾಗಿ ಕಾಣುವುದು ಮಹೀಂದ್ರಾ ಬೊಲೆರೊ ಪಿಕಪ್. 2523 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ ಇರುವ ಕಾಮನ್ ರೈಲ್ (ಒಂದೇ ಪೈಪಿನಲ್ಲಿ ಹೆಚ್ಚಿನ ಒತ್ತಡದ ಡೀಸೆಲ್ ಇಟ್ಟು ಎಲ್ಲ ಸಿಲಿಂಡರ್‌ಗೂ ಸಿಂಪಡಿಸುವ) ಎಂಜಿನ್. ಶಕ್ತಿ ಸುಮಾರು 75 ಎಚ್‌ಪಿ ಮಾತ್ರ, ಆದರೆ ಎಳೆತವೆಲ್ಲ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. ಲೋಡ್ ಹೊತ್ತು ಘಟ್ಟ ಹತ್ತುವವನಿಗೆ ಬೇಕಾದದ್ದು ಅದೇ. ಈ ಎಂಜಿನ್ ನಮ್ಮ ಕಡೆ ಬೇಗ ಹಾಳಾಗುವುದು ಓಡಿದ ಕಿಲೋಮೀಟರಿನಿಂದಲ್ಲ. ಡೀಸೆಲ್‌ಗೆ ಸೇರುವ ನೀರು, ಉಪ್ಪುಗಾಳಿ ಮತ್ತು ಘಟ್ಟದಲ್ಲಿ ತಪ್ಪಾಗಿ ಓಡಿಸುವ ಚಾಳಿಯಿಂದ.

ಘಟ್ಟದಿಂದಲೇ ಶುರು ಮಾಡೋಣ. ಅರಬೈಲ್ ಘಟ್ಟ ಹತ್ತುವಾಗ ಮೇಲಿನ ಗೇರಿನಲ್ಲೇ 1200 ಆರ್‌ಪಿಎಂಗೆ ಇಳಿಸಿ ಎಕ್ಸಲರೇಟರ್ ಪೂರ್ತಿ ಒತ್ತುವುದನ್ನು ಬಿಡಬೇಕು. ಬೇರಿಂಗ್ ಮೇಲೆ ಹೊರೆ ಬೀಳುತ್ತದೆ, ಸಾಕಷ್ಟು ಗಾಳಿ ಸಿಗದೆ ಕಪ್ಪು ಹೊಗೆ ಬರುತ್ತದೆ, ಮಸಿ ಸೇರುತ್ತದೆ. ಮುಂಚೆಯೇ ಗೇರ್ ಇಳಿಸಿ 1500ರಿಂದ 2200ರ ಒಳಗೆ ಇಟ್ಟುಕೊಂಡರೆ ಎಂಜಿನ್ ಆರಾಮವಾಗಿ ಎಳೆಯುತ್ತದೆ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು. ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂಬ ಮಾತು ತಪ್ಪು: ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಕಾಮನ್ ರೈಲ್ ಎಂಜಿನ್ ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗಾಗಿ ಸುಡುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಸುವುದಂತೂ ಜೀವಕ್ಕೇ ಅಪಾಯ. ವ್ಯಾಕ್ಯೂಮ್ ಪಂಪ್ ನಿಂತ ಮೇಲೆ ಒಂದೆರಡು ಸಲ ಒತ್ತಿದೊಡನೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಹತ್ತಿದ ಮೇಲೆ ಅರಬೈಲ್ ಮಾರುತಿಗೆ ಕೈಮುಗಿಯಲೋ ಚಹಾ ಕುಡಿಯಲೋ ನಿಲ್ಲಿಸಿದರೆ ಚಾವಿ ತಿರುಗಿಸುವ ಮುನ್ನ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಕೆಂಡದಂತೆ ಕಾದ ಟರ್ಬೊಗೆ ಎಣ್ಣೆ ಹರಿಯುವುದು ಎಂಜಿನ್ ತಿರುಗುತ್ತಿದ್ದಾಗ ಮಾತ್ರ. ಥಟ್ಟನೆ ನಿಲ್ಲಿಸಿದರೆ ಬೇರಿಂಗ್‌ನಲ್ಲಿ ಉಳಿದ ಎಣ್ಣೆ ಬೆಂದು ಇಂಗಾಲವಾಗಿ ಅಂಟುತ್ತದೆ. ಟರ್ಬೊ ಸಿಳ್ಳೆ ಹೊಡೆಯುವುದು, ನೀಲಿ ಹೊಗೆ ಬರುವುದು ಇದರ ಮುಂದಿನ ಹಂತ.

ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ನಿಯಮದ) ಗಾಡಿ ಕೊಳ್ಳುವವರಿಗೆ ಒಂದು ಮಾತು. ಬಂದರಿನಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವುದೇ ದಿನದ ಕೆಲಸವಾಗಿದ್ದರೆ ಈ ಡೀಸೆಲ್ ಗಾಡಿ ನಿಮಗಲ್ಲ. ಸೈಲೆನ್ಸರ್‌ನ ಮಸಿ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಸುಮಾರು 600 ಡಿಗ್ರಿ ಬಿಸಿ ಬೇಕು. ಗಾಡಿ ಹತ್ತಿಪ್ಪತ್ತು ನಿಮಿಷ ಬಿಡದೆ ಓಡಬೇಕು. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತಾಗಲೆಲ್ಲ, ಬಿಸಿ ಏರಿಸಲು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಎಣ್ಣೆಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಏರುತ್ತಿದ್ದರೆ, ಬೆರಳಿಗೆ ಹಚ್ಚಿದಾಗ ತೆಳುವಾಗಿ ಡೀಸೆಲ್ ವಾಸನೆ ಹೊಡೆದರೆ, ಸರ್ವಿಸ್‌ಗೆ ಕಾಯದೆ ಎಣ್ಣೆ ಬದಲಿಸಿ. ಈಗಾಗಲೇ ಕೊಂಡಿದ್ದರೆ ವಾರಕ್ಕೊಮ್ಮೆಯಾದರೂ ಹೆದ್ದಾರಿ 66ರಲ್ಲಿ ಅಂಕೋಲಾವರೆಗೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ. ಎಣ್ಣೆ ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯದ್ದೇ ಆಗಬೇಕು. ಅಗ್ಗದ ಹಳೇ ದರ್ಜೆಯ ಎಣ್ಣೆಯ ಬೂದಿ ಫಿಲ್ಟರ್‌ನಲ್ಲಿ ಕೂತರೆ ಸುಟ್ಟರೂ ಹೋಗುವುದಿಲ್ಲ.

ಇನ್ನು ನೀರು. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಒಳಗೆ ಸಾವಿರ ಬಾರ್‌ಗೂ ಮೇಲಿನ ಒತ್ತಡ, ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್, ಅಲ್ಲಿ ಭಾಗಗಳು ಸವೆಯದೆ ಜಾರುವಂತೆ ಮಾಡುವುದು ಡೀಸೆಲ್ ಒಂದೇ. ಒಂದು ಹನಿ ನೀರೂ ಅಲ್ಲಿ ತುಕ್ಕು ಎಬ್ಬಿಸುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗಾಳಿಯ ತೇವವೇ ರಾತ್ರಿ ತಣಿದು ನೀರಾಗುವುದರಿಂದ, ಡೀಸೆಲ್ ಬೆಳಿಗ್ಗೆ ಹಾಕಿಸುವ ಬದಲು ಸಂಜೆಯೇ ತುಂಬಿಸಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಡೀಸೆಲ್ ಫಿಲ್ಟರ್‌ನ ನೀರು ತೆಗೆಯಿರಿ. ಎಂಜಿನ್ ಆರಿಸಿ, ಫಿಲ್ಟರ್ ಕೆಳಗೆ ಗಾಜಿನ ಬಾಟಲಿ ಹಿಡಿದು, ಅಡಿಯ ಡ್ರೇನ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ. ಸುಮಾರು 100 ಮಿ.ಲೀ. ಬಂದ ಮೇಲೆ ಕೈಯಲ್ಲೇ ಬಿಗಿ ಮಾಡಿ. ಪಾನಾ ಹಾಕಿದರೆ ಪ್ಲಾಸ್ಟಿಕ್ ಎಳೆ ಕೀಳುತ್ತದೆ. ಹ್ಯಾಂಡ್ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ ಆಮೇಲೆ ಸ್ಟಾರ್ಟ್ ಮಾಡಿ. ಬಾಟಲಿ ಹತ್ತು ನಿಮಿಷ ಅಲುಗಾಡದೆ ನಿಲ್ಲಲಿ: ತಳದಲ್ಲಿ ಬೇರೆಯಾಗಿ ಗುಂಡಗೆ ಉರುಳುವುದು ನೀರು. ಬೆರಳು ದಪ್ಪದ ಪದರ ಕಂಡರೆ ಟ್ಯಾಂಕನ್ನೇ ತೊಳೆಸಬೇಕು, ಬಂಕನ್ನೂ ಬದಲಿಸಬೇಕು. ಹಳೇ ಪಂಪಿನ ಗಾಡಿಯಲ್ಲಿ ಮಾಡುತ್ತಿದ್ದಂತೆ, ಗಾಳಿ ತೆಗೆಯಲು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ.

ಮೀನಿನ ಗಾಡಿಯಲ್ಲಿ ಉಪ್ಪು ಮೇಲಿಂದಲೂ ಬರುತ್ತದೆ, ಕೆಳಗಿಂದಲೂ ಬರುತ್ತದೆ. ಐಸು ಕರಗಿದ ನೀರು ಬಾಡಿಯ ಸಂದಿಯಿಂದ ಇಳಿದು ಚಾಸಿ, ಲೀಫ್ ಸ್ಪ್ರಿಂಗ್, ಬ್ರೇಕ್ ಪೈಪಿನ ಮೇಲೆ ಸುರಿಯುತ್ತದೆ. ಟ್ರೇ ಕೆಳಗೆ ಹಾಳೆ ಹಾಸಿ, ಹಿಂಬದಿಗೆ ಪೈಪಿಟ್ಟು ನೀರನ್ನು ಆಕ್ಸಲ್‌ನಿಂದ ಆಚೆ ಬಿಡಿ. ಟ್ರಿಪ್ ಮುಗಿದ ದಿನವೇ ಸಿಹಿನೀರಿನಿಂದ ಅಡಿಭಾಗ ತೊಳೆಯಿರಿ.

ಉಪ್ಪು ಮಾಡುವ ಕಣ್ಣಿಗೆ ಕಾಣದ ಕೆಡುಕು ಅರ್ಥ್ ವೈರಿನಲ್ಲಿದೆ. ಬೆಳಿಗ್ಗೆ ಸೆಲ್ಫ್ ನಿಧಾನ ತಿರುಗುತ್ತದೆ, ಚೆಕ್ ಎಂಜಿನ್ ದೀಪ ಬಂದು ಹೋಗುತ್ತದೆ. ಬ್ಯಾಟರಿ ಬದಲಿಸುತ್ತಾರೆ, ಸೆಲ್ಫ್ ಬಿಚ್ಚುತ್ತಾರೆ, ಇಂಜೆಕ್ಟರ್ ಮೇಲೂ ಅನುಮಾನ ಪಡುತ್ತಾರೆ. ಮೊದಲು ಮೀಟರ್ ಹಿಡಿಯಿರಿ. ಡಿಸಿ ವೋಲ್ಟ್‌ಗಿಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲಾಂಪ್‌ಗಲ್ಲ), ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಚೆನ್ನ. 0.5 ದಾಟಿದರೆ ದಾರಿಯಲ್ಲಿ ತುಕ್ಕಿದೆ. ಎಂಜಿನ್‌ನಿಂದ ಚಾಸಿಗೆ ಬರುವ ಹೆಣೆದ ಪಟ್ಟಿಯನ್ನು ಬಿಚ್ಚಿ ನೋಡಿದರೆ ಲಗ್ಸ್ (ತುದಿಯ ಲೋಹದ ಕಣ್ಣು) ಅಡಿಯಲ್ಲಿ ಹಸಿರು ಪುಡಿ ಕೂತಿರುತ್ತದೆ. ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಉಳಿದವು ಗೊತ್ತಿರುವವೇ. ರೇಡಿಯೇಟರ್‌ಗೆ ಬಾವಿ ನೀರು ಬೇಡ, ಕರಾವಳಿಯ ಬಾವಿಗಳಲ್ಲಿ ಉಪ್ಪಿನಂಶ ಇರಬಹುದು. ರೆಡಿ ಕೂಲಂಟ್ ಹಾಕಿ. ಬೇಸಿಗೆಯಲ್ಲಿ ಚಿರೆಕಲ್ಲಿನ ಕ್ವಾರಿಗೆ ಹೋಗುವ ಗಾಡಿಯ ಏರ್ ಫಿಲ್ಟರನ್ನು ಊದಿ ಊದಿ ಬಳಸದೆ ಬದಲಿಸಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಹೊಸದು ಹಾಕಿಸಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಬಂದರಿನಲ್ಲಿ ದುಡಿದ ಗಾಡಿಗಿಂತ ಶಿರಸಿ, ಯಲ್ಲಾಪುರ ಕಡೆಯದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಗಾಡಿ ನೋಡಲು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಹೇಳಿ, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಎಣ್ಣೆ ಮುಚ್ಚಳವನ್ನು ಬಿಚ್ಚಿ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಮೆಲ್ಲಗೆ ನಡುಗಿದರೆ ಸರಿ. ಹಾರಿ ಬಿದ್ದು ದಟ್ಟ ಹೊಗೆ ಬಂದರೆ ರಿಂಗ್ ಸವೆದಿದೆ, ಬಣ್ಣ ಎಷ್ಟೇ ಹೊಳೆಯುತ್ತಿರಲಿ ಬಿಟ್ಟು ಬನ್ನಿ.