ಕೊರ್ಚೊಲಾತಾ: ಬಾಟಲಿಯ ಮುಚ್ಚಳ, ಅಧ್ಯಕ್ಷ ಗಾದಿಯ ಆಕಾಂಕ್ಷಿ

ಗಾಜಿನ ಸೋಡಾ ಬಾಟಲಿಗೆ ಕ್ರೌನ್ ಮುಚ್ಚಳದಷ್ಟು ಬಿಗಿಯಾದದ್ದು ಬೇರೆ ಬೇಡ. ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಈಗಿನದಕ್ಕೆ 21 ಹಲ್ಲು. ಓಪನರಿನ ಕೊಕ್ಕೆಯನ್ನು ಹಲ್ಲಿನಡಿ ಸಿಕ್ಕಿಸಿ, ತುದಿಯನ್ನು ಮುಚ್ಚಳದ ನಡುವೆ ಊರಿ ಎತ್ತಿ. ಓರೆಯಾಗಿ ಎಳೆದು ಗಾಜು ಚಕ್ಕೆಯೆದ್ದರೆ ಪಾನೀಯ ಚೆಲ್ಲಿಬಿಡಿ.

ಒಳಗಿನ ಬೆಂಡಿನ ಬಿಲ್ಲೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಈ ಮುಚ್ಚಳಕ್ಕೆ ಮೆಕ್ಸಿಕೊದಲ್ಲಿರುವ 'ಕೊರ್ಚೊಲಾತಾ' ಎಂಬ ಹೆಸರಲ್ಲಿ ಬೆಂಡು ಇನ್ನೂ ಇದೆ: ಕೊರ್ಚೊ ಬೆಂಡು, ಲಾತಾ ತಗಡು. ಅಲ್ಲಿ ಪಿಆರ್‌ಐ ಪಕ್ಷದ ಆಳ್ವಿಕೆಯಲ್ಲಿ ದೇಶದ ಅಧ್ಯಕ್ಷರು ಗುಟ್ಟಾಗಿ ಆರಿಸಿದ ಉತ್ತರಾಧಿಕಾರಿ 'ತಪಾದೊ', ಮುಚ್ಚಿಟ್ಟವನು. ಹೆಸರು ಹೊರಬೀಳುವುದು 'ದೆಸ್ತಾಪೆ', ಮುಚ್ಚಳ ತೆಗೆಯುವುದು. 2021ರಲ್ಲಿ ಅಧ್ಯಕ್ಷ ಲೋಪೆಸ್ ಒಬ್ರದೋರ್ ತಾವೇ ಓಪನರ್ ಎಂದರು, ಆಕಾಂಕ್ಷಿಗಳು ಕೊರ್ಚೊಲಾತಾಗಳಾದರು. ಎಷ್ಟು ಸೊಗಸಾಗಿ ಕೂತ ಪದ! ಅಭ್ಯರ್ಥಿಯನ್ನು ಆರಿಸಲು 2023ರಲ್ಲಿ ಒಬ್ರದೋರ್ ಅವರ ಮೊರೇನಾ ಪಕ್ಷ ನಡೆಸಿದ ಸಮೀಕ್ಷೆಯಲ್ಲಿ ಗೆದ್ದವರು ಕ್ಲೌಡಿಯಾ ಶೇನ್‌ಬಾಮ್.