ಹಳೇ ಬೇಸ್ ಗಿಟಾರ್ ಮಾರೋರೇ, ಸ್ಕ್ರೂಡ್ರೈವರ್ ಹಿಡ್ಕೊಂಡು ಮನೆಗೆ ಬರೋರ ಬಗ್ಗೆ ಹುಷಾರು

ಕೊಡಗಲ್ಲಿ ಯಾರ ಮನೆ ಅಟ್ಟದಲ್ಲಾದ್ರೂ ಫೆಂಡರ್, ಗಿಬ್ಸನ್ ಅಂತ ಹೆಸರಿರೋ ಹಳೇ ಗಿಟಾರ್ ಇದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ. ಬರೀಬೇಕೋ ಬೇಡ್ವೋ ಅಂತ ತುಂಬಾ ಯೋಚ್ನೆ ಮಾಡ್ದೆ, ಮನೇಲೂ ಬೇಡ ಅಂದ್ರು, ಊರವ್ರು ಆಡ್ಕೊಂಡು ನಗ್ತಾರೆ ಅಂತ. ನಗ್ಲಿ ಬಿಡಿ. ನಂಗೆ ಮೋಸ ಮಾಡಿ ಗಿಟಾರ್ ತಗೊಂಡು ಹೋದ ಮನುಷ್ಯ ಇನ್ನೂ ಈ ಕಡೆ ಓಡಾಡ್ತಿದಾನೆ, ಅದಕ್ಕೇ ಬರೀತಿದೀನಿ.

ಗಿಟಾರ್ ನಮ್ಮ ಸೋದರಮಾವಂದು. ಮರ್ಚೆಂಟ್ ನೇವೀಲಿ ಇದ್ರು, 70ರ ದಶಕದಲ್ಲಿ ಯಾವ್ದೋ ಬಂದರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಹಡಗಲ್ಲೇ ತಂದಿದ್ದು. ಫೆಂಡರ್ ಪ್ರಿಸಿಶನ್ ಬೇಸ್, ನಾಲ್ಕು ತಂತಿ, ಮೈ ಬಣ್ಣ ಹಳೇ ಬೆಣ್ಣೆ ಥರ, ಮೇಲೆ ಆಮೆಚಿಪ್ಪಿನ ಡಿಸೈನಿನ ಪಿಕ್‌ಗಾರ್ಡು, ಅಂದ್ರೆ ಮೈಗೆ ಗೀರು ಬೀಳದ ಹಾಗೆ ಹಾಕೋ ತೆಳ್ಳಗಿನ ಹಲಗೆ. ಕ್ರಿಸ್‌ಮಸ್ಸು, ನ್ಯೂ ಇಯರ್ ಬಂದ್ರೆ ಕ್ಲಬ್ಬಲ್ಲಿ ನುಡಿಸ್ತಿದ್ರು. ಅವ್ರು ತೀರ್ಕೊಂಡ್ಮೇಲೆ ಅತ್ತೆ, ಈ ಮಳೇಲಿ ಬೂಸ್ಟು ಹಿಡ್ದು ಹಾಳಾಗೋ ಬದ್ಲು ಮಾರಿ ದುಡ್ಡು ಕೊಡಪ್ಪ ಅಂದ್ರು. ಅಂದ್ರೆ ನಾನು ಕಳ್ಕೊಂಡಿದ್ದು ನನ್ನ ದುಡ್ಡಲ್ಲ, ಅತ್ತೆ ದುಡ್ಡು. ಈಗ ಅವ್ರ ಮನೆ ಗೇಟ್ ದಾಟೋಕೂ ಮುಖ ಇಲ್ಲ ನಂಗೆ.

ಆನ್‌ಲೈನಲ್ಲಿ ಫೋಟೋ ಹಾಕಿ 80 ಸಾವಿರ ಅಂತ ಬರ್ದಿದ್ದೆ. ಮಾಮೂಲಿ ಥರ ಫೋನ್‌ಗಳು ಬಂದ್ವು, ಲಾಸ್ಟ್ ಎಷ್ಟು, ಎಕ್ಸ್‌ಚೇಂಜ್ ಮಾಡ್ತೀರಾ, ಅದೇ ಗೊತ್ತಲ್ಲ. ಇವ್ನು ಮಾತ್ರ ಚೌಕಾಸಿನೇ ಮಾಡ್ಲಿಲ್ಲ. "ಸಾರ್ ಬೇರೆ ಯಾರಿಗೂ ಕೊಡ್ಬೇಡಿ, ನಾನೇ ಮಡಿಕೇರಿಗೆ ಬಂದು ನೋಡ್ತೀನಿ" ಅಂದ. ಬೆಂಗಳೂರಿಂದ ಅಷ್ಟು ದೂರ, ಅದೂ ಜುಲೈ ಮಳೇಲಿ, ಕಾರ್ ಮಾಡ್ಕೊಂಡು ಬಂದ. ಅಷ್ಟು ದೂರದಿಂದ ಬಂದೋನಿಗೆ ಸುಮ್ನೆ ಕಳ್ಸೋದಾ ಅಂತ ಅಮ್ಮ ಅಕ್ಕಿ ರೊಟ್ಟಿ ಮಾಡಿ ಬಡಿಸಿದ್ರು. ಎರಡನೇ ಸಲ ಹಾಕಿಸ್ಕೊಂಡು ತಿಂದ. ಉಂಡ ಮನೆಗೆ ಎರಡು ಬಗೆಯೋದು ಅಂತಾರಲ್ಲ, ಬಾಯಿ ಒರೆಸ್ಕೊಂಡ ತಕ್ಷಣ ಶುರು ಮಾಡ್ದ.

ಜೇಬಿಂದ ಸಣ್ಣ ಪೌಚ್ ತೆಗ್ದು, ಅದ್ರಿಂದ ಸ್ಕ್ರೂಡ್ರೈವರ್ ತೆಗ್ದು, "ಸಾರ್ ಬಿಚ್ಚಿ ನೋಡ್ದೇ ಹೇಳೋಕಾಗಲ್ಲ" ಅಂದ. ಹಿಂದೆ ಕತ್ತು ಮೈಗೆ ಸೇರೋ ಕಡೆ ಇರೋ ಲೋಹದ ಪ್ಲೇಟ್ ತೋರಿಸಿ, "ಇಲ್ಲಿ ದೊಡ್ಡ ಎಫ್ ಇದೆ ನೋಡಿ, ಇದು ಸಿಬಿಎಸ್ ಕಾಲದ್ದು, ಲಿಯೋ ಫೆಂಡರ್ 1965ರಲ್ಲಿ ಕಂಪನಿ ಮಾರಿದ್ಮೇಲೆ ಬಂದಿದ್ದಕ್ಕೆಲ್ಲ ಮಾರ್ಕೆಟ್ ಇಲ್ಲ ಸಾರ್." ಮಾರಿದ್ದು ನಿಜ, 1965ರ ಜನವರಿಲಿ ಸಿಬಿಎಸ್ ಅನ್ನೋ ಅಮೆರಿಕದ ಟಿವಿ-ರೇಡಿಯೋ ಕಂಪನಿ ತಗೊಂಡಿದ್ದು. ಅದಕ್ಕಿಂತ ಮುಂಚಿನದಕ್ಕೆ ಬೆಲೆ ಜಾಸ್ತಿ ಅನ್ನೋದೂ ನಿಜ. ಆದ್ರೆ ನಮ್ಮದ್ರ ಥರ 66ರದ್ದಕ್ಕೆ ಮಾರ್ಕೆಟ್ಟೇ ಇಲ್ಲ ಅನ್ನೋದು ಹಸಿ ಸುಳ್ಳು. ಅರ್ಧ ನಿಜ ಸೇರ್ಸಿ ಹೇಳ್ತಾನೆ ನೋಡಿ, ಅದೇ ಅವನ ಕೈಚಳಕ.

ಆಮೇಲೆ ತಂತಿ ಸಡಿಲ ಮಾಡಿ ನಾಲ್ಕು ಸ್ಕ್ರೂ ತೆಗ್ದು ನೆಕ್, ಅಂದ್ರೆ ಗಿಟಾರಿನ ಉದ್ದ ಕತ್ತು, ಬಿಚ್ದ. ಕರೆಂಟ್ ಬೇರೆ ಇರ್ಲಿಲ್ಲ, ಮಳೆಗಾಲದಲ್ಲಿ ನಮ್ಮ ಕಡೆ ಹೇಗೆ ಅಂತ ಗೊತ್ತೇ ಇದೆ. ಮೊಬೈಲ್ ಟಾರ್ಚ್ ಹಾಕಿ ನೆಕ್‌ನ ಬುಡಕ್ಕೆ ಹಿಡ್ದು ಸುಮಾರು ಹೊತ್ತು ನೋಡ್ದ. "ಇಲ್ಲಿ ಡೇಟ್ ಸ್ಟ್ಯಾಂಪ್ ಇರ್ಬೇಕು ಸಾರ್, ಅಳಿಸಿ ಹೋಗಿದೆ, ಏನೂ ಕಾಣ್ತಿಲ್ಲ" ಅಂದ. ನಾನು ಬಗ್ಗಿ ನೋಡೋಷ್ಟರಲ್ಲಿ ನೆಕ್ ತಿರುಗಿಸಿ ಟೇಬಲ್ ಮೇಲೆ ಇಟ್ಟ.

ಈಗ ಬಣ್ಣದ ವಿಷ್ಯ, ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯತ್ತೆ. ಪಿಕ್‌ಗಾರ್ಡ್ ಬಿಚ್ದ. ಅದರ ಕೆಳಗೆ ಬಣ್ಣ ಬಿಳಿ, ಸುತ್ತ ಎಲ್ಲಾ ಹಳದಿ. ಗೆರೆ ಎಳ್ದ ಹಾಗೆ ಕಾಣ್ತಿತ್ತು. "ನೋಡಿ ಸಾರ್ ನೀವೇ ನೋಡಿ, ಎರಡು ಬಣ್ಣ. ಯಾರೋ ಗ್ಯಾರೇಜಲ್ಲಿ ಪಿಕ್‌ಗಾರ್ಡ್ ಬಿಚ್ಚದೇ ಪೇಂಟ್ ಹೊಡ್ಸಿದಾರೆ. ರೀಫಿನಿಶ್ ಆದ್ರೆ ರೇಟ್ ಅರ್ಧಕ್ಕರ್ಧ ಹೋಗತ್ತೆ ಸಾರ್" ಅಂದ. ಕಣ್ಣಾರೆ ಕಾಣ್ತಿದೆಯಲ್ಲ, ಎರಡು ಬಣ್ಣ! ಏನಂತ ವಾದ ಮಾಡೋದು? ನಿಜ ಏನಂದ್ರೆ ಅದು ಒಲಿಂಪಿಕ್ ವೈಟ್ ಅಂತ ಫೆಂಡರ್‌ನ ಕಸ್ಟಮ್ ಬಣ್ಣ, ಆಗಿನ ಕಾಲಕ್ಕೆ ಇಂಥ ಬಣ್ಣ ಬೇಕು ಅಂದ್ರೆ 5 ಪರ್ಸೆಂಟ್ ಜಾಸ್ತಿ ಕೊಡ್ಬೇಕಿತ್ತು. ಮೇಲಿನ ಪಾರದರ್ಶಕ ಲ್ಯಾಕರ್ ವರ್ಷಗಟ್ಲೆ ಬೆಳಕು ಗಾಳಿ ತಾಗಿ ಹಳದಿ ಆಗತ್ತೆ, ಪಿಕ್‌ಗಾರ್ಡ್ ಕೆಳಗೆ ಬೆಳಕು ಬೀಳಲ್ಲ, ಅಲ್ಲಿ ಬಿಳಿಯಾಗೇ ಉಳಿಯತ್ತೆ. ಅಂದ್ರೆ ಬಣ್ಣ ಒರಿಜಿನಲ್ ಅನ್ನೋದಕ್ಕೆ ಯಾವ್ದು ಸಾಕ್ಷಿನೋ ಅದನ್ನೇ ನನ್ನ ಮುಖದ ಮುಂದೆ ಹಿಡ್ದು ಡೂಪ್ಲಿಕೇಟ್ ಅಂತ ನಂಬಿಸ್ದ! ಅದನ್ನೇ ಹಿಡ್ದು!

ಅಲ್ಲಿಗೂ ಬಿಡ್ಲಿಲ್ಲ. ಬೆರಳಾಡಿಸೋ ಪಟ್ಟಿ ಮುಟ್ಟಿ ನೋಡಿ, "ಇದು ರೋಸ್‌ವುಡ್ ಸಾರ್, ನಿಮ್ಮ ಬೀಟೆ. ಇಂಟರ್‌ನ್ಯಾಷನಲ್ ಕಾನೂನಿದೆ, ಫಾರಿನ್‌ನೋರಿಗೆ ಮಾರೋಕೆ ಹೋದ್ರೆ ಕೇಸ್ ಆಗತ್ತೆ" ಅಂದ. ಕೊಡಗಿನೋರ ಮುಂದೆ ಬೀಟೆ ಅಂದ್ರೆ ಸಾಕಲ್ಲ, ನಮ್ಮ ತೋಟದಲ್ಲೇ ಬಿದ್ದ ಬೀಟೆ ಮುಟ್ಟೋಕೆ ಹತ್ತು ಸಲ ಯೋಚ್ನೆ ಮಾಡೋರು ನಾವು, ಅರಣ್ಯ ಇಲಾಖೆ ಹೆಸ್ರು ಕೇಳಿದ್ರೇ ಎದೆ ಧಸಕ್ ಅನ್ನತ್ತೆ. ಅವನಿಗೆ ಅದು ಗೊತ್ತಿತ್ತು. 2017ರಲ್ಲಿ ಬೀಟೆ ಜಾತಿ ಮರಗಳನ್ನೆಲ್ಲ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರದ ಬಗ್ಗೆ ದೇಶಗಳ ಒಪ್ಪಂದ) ಪಟ್ಟಿಗೆ ಸೇರ್ಸಿದ್ದು ಹೌದು, ಆದ್ರೆ ಪೂರ್ತಿ ತಯಾರಾಗಿರೋ ಸಂಗೀತ ವಾದ್ಯಗಳಿಗೆ 2019ರ ನವೆಂಬರಿಂದ ಅದ್ರಿಂದ ವಿನಾಯ್ತಿ ಕೊಟ್ಟಿದಾರೆ. ಬ್ರೆಜಿಲಿನ ಬೀಟೆ ಆದ್ರೆ ಬೇರೆ ಕಥೆ, ಅದು 1992ರಿಂದ್ಲೂ ಕಟ್ಟುನಿಟ್ಟು. ಆದ್ರೆ ನಮ್ಮ ಮನೆ ಊಟದ ಟೇಬಲ್ಲಲ್ಲಿ ಕೂತು ಬೆಂಗಳೂರಿನೋನಿಗೆ ಮಾರೋಕೆ ಯಾವ ಫಾರಿನ್ ಕಾನೂನು ಸ್ವಾಮಿ?

ಕೊನೆಗೆ 55 ಸಾವಿರ. ಅದೂ ಉಪಕಾರ ಮಾಡೋನ ಥರ, "ಪೆಟ್ರೋಲ್ ಖರ್ಚು ವೇಸ್ಟ್ ಆಗ್ಬಾರ್ದು ಅಂತ ತಗೊಳ್ತಿದೀನಿ ಸಾರ್" ಅಂತ. ಕಪ್ಪು ಕೇಸಿನ ಒಳಗಿನ ಪುಟ್ಟ ಡಬ್ಬೀಲಿ ಮಾವ ಎರಡು ಕ್ರೋಮ್ ಕವರ್ ಎತ್ತಿಟ್ಟಿದ್ರು, ತಂತಿ ಸದ್ದು ಹಿಡಿಯೋ ಪಿಕಪ್ಪಿಂದು ಒಂದು, ತಂತಿ ಕೂರೋ ಬ್ರಿಡ್ಜಿಂದು ಒಂದು, ಬ್ರಿಡ್ಜ್ ಕವರಿನ ಒಳಗೆ ತಂತಿ ಸದ್ದು ಅಡಗ್ಸೋಕೆ ಅಂತ ಕಂಪನಿಯೋರೇ ಅಂಟಿಸಿದ್ದ ಫೋಮ್ ಕರಗಿ ಅಂಟಂಟಾಗಿತ್ತು. "ಇದು ಗುಜರಿ ಸಾರ್" ಅಂತ ಹೇಳಿ ಮತ್ತೆ ಹುಷಾರಾಗಿ ಕಾಗದದಲ್ಲಿ ಸುತ್ತಿ ಅದೇ ಡಬ್ಬೀಲಿ ಇಟ್ಕೊಂಡ. ಗುಜರಿನ ಯಾರಾದ್ರೂ ಕಾಗದದಲ್ಲಿ ಸುತ್ತಿ ಇಡ್ತಾರಾ? ನುಡಿಸೋರು ಈ ಕವರೆಲ್ಲ ಬಿಚ್ಚಿ ಬಿಸಾಕ್ತಿದ್ರು, ಅದಕ್ಕೇ ಈಗ ಅದಕ್ಕೇ ಬೇರೆ ರೇಟು. ಹೋಗೋ ಮುಂಚೆ ವಾಟ್ಸಾಪಲ್ಲಿ ಒಂದು ಮೆಸೇಜು: ರೀಫಿನಿಶ್ ಆದ ಬೇಸ್, ಡೇಟ್ ಇಲ್ಲ, ಪಾರ್ಟ್ಸ್ ಗ್ಯಾರಂಟಿ ಇಲ್ಲ, 55 ಸಾವಿರ, ಓಕೆ ಅಂತ ಕಳ್ಸಿ ಸಾರ್, ನನ್ನ ರೆಕಾರ್ಡಿಗೆ. ಕಳ್ಸ್ದೆ.

ಸ್ವಲ್ಪ ದಿನ ಆದ್ಮೇಲೆ ಬೆಂಗಳೂರಲ್ಲಿ ಬ್ಯಾಂಡಲ್ಲಿ ನುಡಿಸೋ ನಮ್ಮ ಚಿಕ್ಕಪ್ಪನ ಮಗ ಒಂದು ಲಿಂಕ್ ಕಳ್ಸಿ, "ಅಣ್ಣಾ, ಇದು ನಿಮ್ಮ ಮಾವಂದಲ್ವಾ?" ಅಂದ. ತೆಗ್ದು ನೋಡ್ತೀನಿ, 9 ಲಕ್ಷದ 75 ಸಾವಿರ! "1966ರ ಪ್ರಿಸಿಶನ್ ಬೇಸ್, ಒರಿಜಿನಲ್ ಒಲಿಂಪಿಕ್ ವೈಟ್, ಪಿಕ್‌ಗಾರ್ಡ್ ಕೆಳಗೆ ಬಣ್ಣ ಹೇಗೆ ಉಳಿದಿದೆ ನೋಡಿ, ಎರಡೂ ಕ್ರೋಮ್ ಕವರ್, ಒರಿಜಿನಲ್ ಕೇಸ್, ಕೂರ್ಗ್ ಪ್ಲಾಂಟರ್ ಫ್ಯಾಮಿಲಿಯಿಂದ." ಎರಡೂವರೆ ಎಕರೆ ತೋಟ ನಮ್ಮದು, ಕರಿಮೆಣಸು ಕೈ ಕೊಟ್ರೆ ಸಾಲ, ನಾವು ಪ್ಲಾಂಟರ್ ಅಂತೆ.

ಅದನ್ನ ತಡ್ಕೊಂಡೆ. ಮುಂದಿನ ಫೋಟೋ ನೋಡಿ ತಡ್ಕೊಳ್ಳೋಕಾಗ್ಲಿಲ್ಲ. ನೆಕ್‌ನ ಬುಡದ್ದು, ಕ್ಲೋಸಪ್. ಸ್ಟ್ಯಾಂಪ್ ಗಾಜಿನ ಹಾಗೆ ಸ್ಪಷ್ಟ, "5 ಮೇ 66 ಸಿ". ಆ ನೆಕ್ ಇಟ್ಟಿದ್ದು ಎಲ್ಲಿ ಗೊತ್ತಾ, ಅಮ್ಮ ಮಡಿಕೇರಿ ಸಂತೇಲಿ ತಗೊಂಡ ದ್ರಾಕ್ಷಿ ಗೊಂಚಲಿನ ಪ್ಲಾಸ್ಟಿಕ್ ಟೇಬಲ್ ಶೀಟ್ ಮೇಲೆ, ಮೂಲೇಲಿ ನಮ್ಮ ಉಪ್ಪಿನಕಾಯಿ ಭರಣಿಯ ಅಂಚು. ಟಾರ್ಚ್ ಹಾಕಿ ಏನೂ ಕಾಣ್ತಿಲ್ಲ ಸಾರ್ ಅಂದನಲ್ಲ, ಆಗ್ಲೇ ನನ್ನ ಎದುರಿಗೇ ಫೋಟೋ ಹೊಡ್ಕೊಂಡಿದಾನೆ. ನಮ್ಮ ಟೇಬಲ್ಲು. ನಮ್ಮ ಭರಣಿ. ಕ್ರಾಪ್ ಮಾಡೋಷ್ಟೂ ಮರ್ಯಾದೆ ಇಲ್ಲ.

ಫೋನ್ ಮಾಡ್ದೆ, ತೆಗೀಲಿಲ್ಲ. ಮೆಸೇಜ್ ಮಾಡ್ದೆ. ಸ್ಟ್ಯಾಂಪ್ ಕಾಣ್ತಿಲ್ಲ ಅಂದ್ರಲ್ಲ ಅಂದಿದ್ದಕ್ಕೆ, "ಕ್ಲೀನ್ ಮಾಡ್ದಾಗ ಕಾಣ್ತು ಬ್ರೋ." ಕ್ಲೀನ್ ಮಾಡಿದ್ದು ನಮ್ಮ ಮನೆ ಟೇಬಲ್ಲಲ್ಲಾ ಅಂದೆ. ಎರಡು ನೀಲಿ ಟಿಕ್ಕು, ಉತ್ತರ ಇಲ್ಲ. ರೀಫಿನಿಶ್ ಅಂದಿದ್ದು ಒರಿಜಿನಲ್ ಹೇಗಾಯ್ತು ಅಂದೆ. "ಅದು ಮಾರ್ಕೆಟಿಂಗ್ ಬ್ರೋ, ಎಲ್ರೂ ಹಂಗೇ ಹಾಕ್ತಾರೆ." ಸರಿ ನಿನ್ನ ಖರ್ಚು ಲಾಭ ಸೇರ್ಸ್ಕೊಂಡು ವಾಪಸ್ ಕೊಡು, ನಾನೇ ದುಡ್ಡು ಹೊಂದಿಸ್ತೀನಿ ಅಂದೆ. "9.75 ಕೊಟ್ರೆ ಖಂಡಿತ ಬ್ರೋ" ಅಂತ, ಜೊತೆಗೆ ಕೈ ಮುಗಿಯೋ ಎಮೋಜಿ! ಕೊನೆಗೆ ನಂದೇ ಓಕೆ ಮೆಸೇಜಿನ ಸ್ಕ್ರೀನ್‌ಶಾಟ್ ಕಳ್ಸಿ, "ನೀವೇ ಒಪ್ಪಿದೀರಲ್ಲ, ಡೀಲ್ ಮುಗೀತು" ಅಂತ ಹೇಳಿ ಬ್ಲಾಕ್ ಮಾಡ್ದ. ಪರಿಚಯದ ವಕೀಲರಿಗೆ ತೋರಿಸ್ದೆ, ಆ ಓಕೆ ಇರೋದ್ರಿಂದ ಕಷ್ಟ ಇದೆ ಅಂದ್ರು. ಅಮ್ಮ ಮಾತ್ರ ಇನ್ನೂ ರೊಟ್ಟಿ ವಿಷ್ಯಕ್ಕೇ ಬೈತಿದಾರೆ.

ನಿಮ್ಮ ಹತ್ರ ಹಳೇ ಫೆಂಡರ್ ಇದ್ರೆ ಇಷ್ಟು ತಿಳ್ಕೊಂಡಿರಿ. ಪ್ಲೇಟಿನ ನಂಬರ್ ಒಂದೇ ನೋಡಿ ವರ್ಷ ಹೇಳೋಕಾಗಲ್ಲ, ನಂಬರ್‌ಗಳು ಒಂದು ವರ್ಷದ್ದು ಇನ್ನೊಂದಕ್ಕೆ ಬೆರೆತಿರತ್ತೆ, ಪ್ಲೇಟ್ ಬದಲಾಯ್ಸೋಕೂ ನಾಲ್ಕು ಸ್ಕ್ರೂ ಸಾಕು. 1976ರ ಆಸುಪಾಸಿಂದ ನಂಬರ್ ತಲೆ ಭಾಗಕ್ಕೆ ಹೋಗಿದೆ. ನಮ್ಮದ್ರ ಕಾಲದ ನೆಕ್‌ನ ಬುಡದ ಸ್ಟ್ಯಾಂಪಲ್ಲಿ ಮೊದಲ ಅಂಕಿ ತಾರೀಖಲ್ಲ, ಮಾಡೆಲ್ ಕೋಡು, 5 ಅಂದ್ರೆ ಪ್ರಿಸಿಶನ್. ಆಮೇಲೆ ತಿಂಗಳು, ವರ್ಷ, ಕೊನೇ ಅಕ್ಷರ ನಟ್ (ತಲೆ ಹತ್ರ ತಂತಿ ಕೂರೋ ಸಣ್ಣ ಪಟ್ಟಿ) ಹತ್ರ ನೆಕ್ ಎಷ್ಟು ಅಗಲ ಅಂತ. ಪಿಕ್‌ಗಾರ್ಡ್ ಕೆಳಗಿನ ವಾಲ್ಯೂಮ್, ಟೋನ್ ಪಾಟ್‌ಗಳ (ತಿರುಗಿಸೋ ಗುಂಡಿಯ ಒಳಗಿನ ಭಾಗ) ಮೇಲೂ ನಂಬರ್ ಒತ್ತಿರತ್ತೆ. ನಮ್ಮದ್ರಲ್ಲಿ 1376611 ಇದ್ದಿದ್ದೂ ಅವನ ಫೋಟೋದಲ್ಲೇ ನೋಡಿದ್ದು: 137 ಅಂದ್ರೆ ಪಾಟ್ ಮಾಡಿದ ಸಿಟಿಎಸ್ ಕಂಪನಿ, 66ನೇ ಇಸವಿ, 11ನೇ ವಾರ. ಆದ್ರೆ 66ರ ಪಾಟ್ 68ರ ಗಿಟಾರಲ್ಲೂ ಇರತ್ತೆ, ಅದಕ್ಕೆ ಸ್ಟ್ಯಾಂಪು, ಪಾಟು, ಪ್ಲೇಟು ಮೂರೂ ಒಟ್ಟಿಗೆ ಹೊಂದತ್ತಾ ನೋಡ್ಬೇಕು.

ಬಿಚ್ಚೋದಿದ್ರೆ ನಿಮ್ಮ ಕಡೆಯ ಗೊತ್ತಿರೋ ರಿಪೇರಿಯೋರ ಹತ್ರ ಬಿಚ್ಸಿ, ಫೋಟೋ ನೀವು ತೆಗೀರಿ. ಕೊಳ್ಳೋಕೆ ಬಂದೋನ ಕೈಗೆ ಸ್ಕ್ರೂಡ್ರೈವರ್ ಕೊಡ್ಲೇಬೇಡಿ. ಪಾಲಿಶ್, ಪೇಂಟ್, ಬೆಸುಗೆ ಏನೂ ಮಾಡಿಸ್ಬೇಡಿ, ಸ್ಕ್ರೂ ಒಂದೂ ಬಿಸಾಕ್ಬೇಡಿ. ರೇಟಿಗೆ ಹಳೇ ವಾದ್ಯ ಮಾರೋ ರಿವರ್ಬ್ ವೆಬ್‌ಸೈಟಿನ ಥರ ಜಾಗದಲ್ಲಿ ಮಾರಾಟ ಆಗಿರೋ ಬೆಲೆ ನೋಡಿ, ಯಾರೋ ಕೇಳ್ತಿರೋ ಬೆಲೆ ಅಲ್ಲ. ಇವ್ನು ಹಾಕಿರೋ 9.75ಕ್ಕೂ ಹೋಗತ್ತೋ ಇಲ್ವೋ, ಹೋಗದೇ ಇರ್ಲಿ ಅಂತ ದಿನಾ ಆ ಲಿಂಕ್ ತೆಗ್ದು ನೋಡ್ತೀನಿ.

ಇನ್ನೊಂದು. ಹೊರಡೋವಾಗ ಕಾರ್ ಹತ್ರ ನಿಂತು, ಸಿದ್ದಾಪುರ ಕಡೆ ಒಂದು ಮನೇಲಿ ಹಳೇ ಹಾಫ್ನರ್ ಬೇಸ್ ಇದೆ ಅಂತ ಗೊತ್ತಾಗಿದೆ, ಮಳೆ ಕಮ್ಮಿ ಆದ್ಮೇಲೆ ಬರ್ತೀನಿ ಅಂತ ಹೇಳಿ ಹೋಗಿದಾನೆ. ಆ ಮನೆಯೋರು ಯಾರು ಅಂತ ಗೊತ್ತಿರೋರು ದಯವಿಟ್ಟು ಅವ್ರಿಗೆ ಇದನ್ನ ಕಳ್ಸಿ. ಮಧ್ಯವಯಸ್ಸು, ತುಂಬಾ ವಿನಯ, ಕಪ್ಪು ಪೌಚು. ಬಂದ್ರೆ ಕಾಫಿ ಕೊಟ್ಟು ಕಳ್ಸಿ, ಕೇಸ್ ಮಾತ್ರ ತೆಗೀಬೇಡಿ.