ಮೂರು ಕಪ್ಪು ಪುಡಿ, ಒಂದೇ ನೀರು: ನನ್ನ ಓಟು ತೊಳೆದ ನ್ಯಾನೋಟ್ಯೂಬ್‌ಗೆ

ಮೊದಲೇ ಹೇಳಿಬಿಡುತ್ತೇನೆ. ನೀರಿನಿಂದ ಸೀಸ ತೆಗೆಯಲು ನನ್ನ ಓಟು, ನೈಟ್ರಿಕ್ ಆ್ಯಸಿಡ್‌ನಲ್ಲಿ ನಾನೇ ತೊಳೆದ ಕಾರ್ಬನ್ ನ್ಯಾನೋಟ್ಯೂಬ್‌ಗೆ, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳ ಪುಡಿಗೆ. ಅದರ ಪಕ್ಕದಲ್ಲಿಟ್ಟು ನೋಡಿದ್ದು ಎರಡು: ಬಾಟಲಿಯಿಂದ ತೆಗೆದು ಹಾಗೇ ಬಳಸಿದ ಅದೇ ಟ್ಯೂಬ್, ಮತ್ತು ಮಾಮೂಲಿ ಆ್ಯಕ್ಟಿವೇಟೆಡ್ ಕಾರ್ಬನ್ ಪುಡಿ.

ತೊಳೆಯುವ ಯೋಚನೆ ಮೊದಲು ಇರಲೇ ಇಲ್ಲ. ಲೇಬಲ್ ಮೇಲೆ 95% ಶುದ್ಧ ಎಂದಿತ್ತು, ನಂಬಿದೆ. ಒಂದು ದಿನ ಬಾಟಲಿಗೆ ಅಯಸ್ಕಾಂತ ತಾಗಿಸಿದೆ. ಪುಡಿ ಸರ್ರನೆ ಬಂದು ಒಳಗಿನಿಂದ ಗಾಜಿಗೆ ಅಂಟಿಕೊಂಡಿತು. ಅನುಮಾನ ಬಂದು 100 ಮಿಲಿಗ್ರಾಂ ತೂಗಿ, ಗಾಳಿಯಲ್ಲಿ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದೆ. ಇಂಗಾಲವೆಲ್ಲ ಉರಿದುಹೋಗಿ ತಳದಲ್ಲಿ ಇಟ್ಟಿಗೆ ಬಣ್ಣದ 9 ಮಿಲಿಗ್ರಾಂ ಬೂದಿ ಉಳಿಯಿತು. ಅದು ಕಬ್ಬಿಣದ ಆಕ್ಸೈಡ್. ಅದರ ತೂಕದಲ್ಲಿ 70% ಕಬ್ಬಿಣ, ಅಂದರೆ 6 ಮಿಲಿಗ್ರಾಂಗೂ ಜಾಸ್ತಿ. ಟ್ಯೂಬ್ ಬೆಳೆಸುವಾಗ ವೇಗವರ್ಧಕವಾಗಿ ಹಾಕಿದ್ದು ಹಾಗೇ ಉಳಿದುಕೊಂಡಿದೆ. ಟ್ಯೂಬ್ ಆಗದೆ ಉಳಿದ ಮಸಿ ಬೇರೆ ಇರುತ್ತದೆ. ಅದೂ ಉರಿದುಹೋಗುವುದರಿಂದ ಬೂದಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಕಬ್ಬಿಣ ಇದ್ದರೆ ಏನಾಯ್ತು ಅಂತೀರಾ? ನೀರು ಸ್ವಲ್ಪ ಹುಳಿಯಾದರೂ ಅದು ಕರಗಿ ನೀರಿಗೆ ಬರುತ್ತದೆ. ಒಂದು ಲೋಹ ತೆಗೆಯಲು ಹೋಗಿ ಇನ್ನೊಂದನ್ನು ಸೇರಿಸಿದ ಹಾಗೆ. ಅದಕ್ಕಿಂತ ದೊಡ್ಡ ತೊಂದರೆ, ಕಬ್ಬಿಣದ ಆಕ್ಸೈಡ್ ತಾನೇ ಸೀಸವನ್ನು ಹಿಡಿಯುತ್ತದೆ. ಹಾಗಾಗಿ ಕೆಲಸ ಮಾಡಿದ್ದು ಟ್ಯೂಬೋ ಕಬ್ಬಿಣವೋ ಗೊತ್ತಾಗುವುದಿಲ್ಲ. ನನ್ನ ಮೊದಲ ತಿಂಗಳ ಅಳತೆಗಳೆಲ್ಲ ಇದರಿಂದಲೇ ವ್ಯರ್ಥವಾದವು. ತುಂಬಾ ಬೇಜಾರಾಯಿತು.

ಇನ್ನು ತೊಳೆಯುವ ಗೋಳು. ಆ್ಯಸಿಡ್‌ನಲ್ಲಿ ಕುದಿಸುವುದು ಸುಲಭ, ಹೊಗೆಗೂಡಿನ ಒಳಗೇ ಮಾಡಬೇಕು ಅಷ್ಟೆ. ಕಷ್ಟ ಇರುವುದು ಆಮೇಲೆ. ಮೊದಲ ಎರಡು ಮೂರು ಸಲ ನೀರು ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಟ್ಯೂಬ್ ಚೆನ್ನಾಗಿ ತಳಕ್ಕೆ ಕೂರುತ್ತದೆ. ಆ್ಯಸಿಡ್ ಕಮ್ಮಿಯಾಗುತ್ತಾ ಬಂದಂತೆ ಟ್ಯೂಬ್‌ಗಳು ಒಂದನ್ನೊಂದು ದೂಡಿ ನೀರಿನಲ್ಲಿ ತೇಲಿ ನಿಲ್ಲುತ್ತವೆ. ಎಷ್ಟು ತಿರುಗಿಸಿದರೂ ನೀರು ಶಾಯಿಯ ಹಾಗೆ ಕಪ್ಪು. ಸೋಸೋಣವೆಂದರೆ ಫಿಲ್ಟರ್ ಹಾಳೆ ಕಟ್ಟಿಕೊಂಡು ಹನಿ ಹನಿಯಾಗಿ ಇಳಿಯುತ್ತದೆ. ಒಂದು ಬಟ್ಟಲು ಸೋಸಲು ಇಡೀ ಮಧ್ಯಾಹ್ನ ಬೇಕಾಯಿತು.

ಅಲ್ಲಿಗೂ ಮುಗಿಯಲಿಲ್ಲ. ತೆಳು ಕಾಸ್ಟಿಕ್ ಸೋಡಾ ದ್ರಾವಣ ಹಾಕಿದಾಗ ಕೆಳಗೆ ಚಹಾ ಡಿಕಾಕ್ಷನ್ ಬಣ್ಣದ ನೀರು ಇಳಿಯಿತು. ಆ್ಯಸಿಡ್ ಇಂಗಾಲವನ್ನು ಕಡಿದಾಗ ಹುಟ್ಟುವ ಸಣ್ಣ ಚೂರುಗಳು ಅವು. ಟ್ಯೂಬ್ ಮೈಗೆ ಮೆತ್ತಿಕೊಂಡಿರುತ್ತವೆ. ಆ್ಯಸಿಡ್ ಟ್ಯೂಬ್ ಮೈಮೇಲೆ ಆಮ್ಲಜನಕದ ಗುಂಪುಗಳನ್ನು ಕೂರಿಸುತ್ತದೆ, ಸೀಸ ಹಿಡಿಯುವುದು ಅವೇ. ಅವು ಈ ಚೂರುಗಳ ಮೇಲೂ ಇರುತ್ತವೆ. ಚೂರು ಬಿಟ್ಟುಕೊಂಡರೆ ಹಿಡಿದ ಸೀಸವೂ ಅದರ ಜೊತೆ ನೀರಿಗೇ ವಾಪಸ್. ಆದ್ದರಿಂದ ಬಣ್ಣ ಹೋಗುವ ತನಕ ಸೋಡಾ, ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆ್ಯಸಿಡ್, ಕೊನೆಗೆ ಬರೀ ನೀರು. ಇಷ್ಟಾದರೂ ಇಂಗಾಲದ ಚಿಪ್ಪಿನೊಳಗೆ ಸಿಕ್ಕಿಕೊಂಡ ಕಬ್ಬಿಣ ಬರುವುದಿಲ್ಲ. ಆ್ಯಸಿಡ್ ಮುಟ್ಟದ್ದನ್ನು ನೀರೂ ಮುಟ್ಟುವುದಿಲ್ಲ ಎಂದು ಅದನ್ನು ಬಿಟ್ಟೆ.

ಇಷ್ಟು ಪಾಡುಪಟ್ಟ ಮೇಲೆ ಫಲ ಸಿಕ್ಕಿತು. ನೀರಿನ ಪಿಎಚ್ 5ರಲ್ಲಿ ಇಟ್ಟು ನೋಡಿದೆ. ಅದಕ್ಕಿಂತ ಜಾಸ್ತಿ ಏರಿಸಿದರೆ ಸೀಸ ತಾನಾಗಿಯೇ ಗಸಿಯಾಗಿ ಕೂರತೊಡಗುತ್ತದೆ, ಆ ಹೆಸರು ಪುಡಿಗೆ ಬರಬಾರದು. ತೊಳೆದ ಟ್ಯೂಬ್ ಉಳಿದೆರಡನ್ನೂ ಹಿಂದೆ ಹಾಕಿತು, ಅದೂ ಬೇಗ. ಹಾಗೇ ಬಳಸಿದ ಟ್ಯೂಬ್ ನೀರಿಗೆ ಬೆರೆಯಲೇ ಒಲ್ಲದು, ಗಂಟುಕಟ್ಟಿ ಮೇಲೆ ತೇಲುತ್ತದೆ.

ಮೆಥಿಲೀನ್ ಬ್ಲೂ ಬಣ್ಣ ತೆಗೆಯಲು ಆ್ಯಕ್ಟಿವೇಟೆಡ್ ಕಾರ್ಬನ್ ಸಾಕು, ಸುಮ್ನೆ ಟ್ಯೂಬ್ ಖರ್ಚು ಮಾಡಬೇಡಿ.

ಒಣ ಟ್ಯೂಬ್ ಪುಡಿ ಉಸಿರಿಗೆ ಹೋಗಬಾರದು. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಯೋಶ್ (NIOSH) ಸಂಸ್ಥೆ 2013ರಲ್ಲಿ ಸೂಚಿಸಿದ ಮಿತಿ ಘನ ಮೀಟರ್ ಗಾಳಿಗೆ ಬರೀ 1 ಮೈಕ್ರೋಗ್ರಾಂ. ಅದಕ್ಕೇ ತೊಳೆದದ್ದನ್ನು ನಾನು ಒಣಗಿಸುವುದೇ ಇಲ್ಲ, ಒದ್ದೆಯಾಗಿಯೇ ಇಡುತ್ತೇನೆ.

ನನ್ನದು ಒಂದೊಂದು ಲೋಟದಷ್ಟು ನೀರಿನ ಕೆಲಸ, ತೊಳೆಯುವ ತಾಳ್ಮೆಯೂ ಇದೆ. ಅದಕ್ಕೆ ಈ ಆಯ್ಕೆ ಹೊಂದುತ್ತದೆ. ಡ್ರಮ್ಮುಗಟ್ಟಲೆ ನೀರಿದ್ದರೆ ನನ್ನ ಜೇಬಿಗೂ ಕಾರ್ಬನ್ ಪುಡಿಯೇ ಗತಿ. ಈಗ ಹೊಸ ಬಾಟಲಿ ಬಂದರೆ ಮೊದಲು ಅಯಸ್ಕಾಂತ, ಆಮೇಲೆ 100 ಮಿಲಿಗ್ರಾಂ ಬೆಂಕಿಗೆ. ಬೂದಿ ತೂಗಿದ ಮೇಲೆಯೇ ಉಳಿದ ಕೆಲಸ.